ರಾಗಿ ಕಾಳಿನ ರಕ್ಷಣಾ ಪ್ರೋಟೀನು: ಗಣಕ ಓದಿದ್ದು, ಓದದ್ದು



ಧಾನ್ಯದ ಬೆಳೆಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲು ತಯಾರಿಸುವ ಪ್ರೋಟೀನುಗಳನ್ನು ಕಂಪ್ಯೂಟರಿನ ನೆರವಿನಿಂದ ಅಧ್ಯಯನ ಮಾಡುವ ಬಗೆ ಇಂದಿನ ಉಪನ್ಯಾಸದ ವಿಷಯ. ಗೋಧಿ, ಭತ್ತ, ಜೋಳ, ಬಾರ್ಲಿ ಎಂದು ಎಲ್ಲವನ್ನೂ ಮುಟ್ಟುತ್ತಾ ಹೋದರೆ ಯಾವುದನ್ನೂ ಸರಿಯಾಗಿ ನೋಡಿದಂತಾಗದು. ಹಾಗಾಗಿ ಒಂದು ಪ್ರೋಟೀನನ್ನು ಹಿಡಿದು ಮಾತಾಡುತ್ತೇನೆ. ಉಳಿದವು ಅದರ ಜೊತೆಗೆ ಬರಲಿ. ಅದು ರಾಗಿ ಕಾಳಿನೊಳಗಿದೆ. ಅದರ ಮೊದಲ ಪರಿಚಯ ಜಗತ್ತಿಗಾದದ್ದು ನಮ್ಮ ಮಣಿಪಾಲದಿಂದ. ಅದರ ಹೆಸರು ಜೀವರಸಾಯನಶಾಸ್ತ್ರದ ಪ್ರಬಂಧಗಳಲ್ಲಿ ನಾಲ್ಕು ದಶಕಗಳಿಂದ ಓಡಾಡುತ್ತಿದ್ದರೂ ರಾಗಿ ಉಣ್ಣುವ ನಾಡಿನ ತರಗತಿಗಳಲ್ಲಿ ಅದರ ಮಾತು ತೀರಾ ಕಡಿಮೆ. ಅದು ನನಗೆ ನೋವಿನ ಸಂಗತಿ. ಈ ವಿಷಯವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ಹಳೆ ಮೈಸೂರಿನ ಊರುಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಹಾಕಿ ವರ್ಷಗಟ್ಟಲೆ ಇಡುತ್ತಿದ್ದರು. ಬರ ಬಂದಾಗ ತೆಗೆದರೆ ಕಾಳು ಹುಳು ಹಿಡಿಯದೆ ಇರುತ್ತಿತ್ತು. ಅಕ್ಕಿಯನ್ನೋ ಜೋಳವನ್ನೋ ಅಷ್ಟು ಕಾಲ ಹಾಗೆ ಇಡುವುದು ಕಷ್ಟ. ಇದಕ್ಕೆಲ್ಲ ಒಂದು ಪ್ರೋಟೀನೇ ಕಾರಣ ಎಂದು ಹೇಳಿಬಿಟ್ಟರೆ ಕೇಳಲು ಚೆನ್ನ, ಆದರೆ ಅದು ನಿಜವಲ್ಲ. ಸೊಂಡಿಲ ಹುಳು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮರಿ ಆ ಒಂದೇ ಕಾಳನ್ನು ತಿಂದು ಅಲ್ಲೇ ಬೆಳೆಯಬೇಕು. ಎರಡೂವರೆ, ಮೂರು ಮಿಲಿಗ್ರಾಂ ತೂಗುವ ರಾಗಿ ಕಾಳಿನಲ್ಲಿ ಅದಕ್ಕೆ ಜಾಗವೂ ಸಾಲದು, ಊಟವೂ ಸಾಲದು. ಸಿಪ್ಪೆಯಲ್ಲಿ ಒಗರಿನ ಪಾಲಿಫಿನಾಲುಗಳಿವೆ. ಹಗೇವಿನೊಳಗೆ ಗಾಳಿ ಆಡುವುದಿಲ್ಲ, ತೇವ ಕಡಿಮೆ. ಇಷ್ಟು ಕಾವಲಿನ ಜೊತೆಗೆ ಕಾಳಿನೊಳಗೆ ಇನ್ನೊಂದು ಕಾವಲು ಇದೆ ಎಂಬಷ್ಟೇ ನನ್ನ ಮಾತು.

ಆ ಕಾವಲು ಕೆಲಸ ಮಾಡುವುದು ಹುಳುವಿನ ಹೊಟ್ಟೆಯಲ್ಲಿ. ಕಾಳು ಎಂದರೆ ಮುಖ್ಯವಾಗಿ ಪಿಷ್ಟ. ಪಿಷ್ಟ ದಕ್ಕಬೇಕಾದರೆ ಅಮೈಲೇಸ್ ಎಂಬ ಕಿಣ್ವ ಅದನ್ನು ಕತ್ತರಿಸಬೇಕು. ಕಾಳಿನ ಪ್ರೋಟೀನು ದಕ್ಕಬೇಕಾದರೆ ಟ್ರಿಪ್ಸಿನ್ನಿನಂಥ ಕಿಣ್ವ ಬೇಕು. ಈ ಎರಡನ್ನೂ ತಡೆದರೆ ತಿಂದದ್ದು ಮೈಗೆ ಹತ್ತದು. ಸಾಮಾನ್ಯವಾಗಿ ಒಂದು ಕಿಣ್ವಕ್ಕೆ ಒಂದು ಪ್ರತಿಬಂಧಕ ಇರುತ್ತದೆ. ರಾಗಿಯಲ್ಲಿ ಎರಡೂ ಕೆಲಸವನ್ನು ಒಂದೇ ಪ್ರೋಟೀನು ಮಾಡುತ್ತದೆ ಎಂದು ತೋರಿಸಿದವರು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್. 1981ರಲ್ಲಿ ಅವರ ಪ್ರಬಂಧ ಬಯೋಕೆಮಿಕಲ್ ಜರ್ನಲ್ ಪತ್ರಿಕೆಯಲ್ಲಿ ಬಂತು.

ಅವರ ವಾದದ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪ್ರೋಟೀನಿನ ಆಕಾರ ಅವರ ಕಣ್ಣ ಮುಂದಿರಲಿಲ್ಲ, ಅದರ ಅಮೈನೊ ಆಮ್ಲಗಳ ಅನುಕ್ರಮವೂ ಗೊತ್ತಿರಲಿಲ್ಲ. ಕೈಯಲ್ಲಿದ್ದದ್ದು ರಾಸಾಯನಿಕಗಳು ಮಾತ್ರ. ಪ್ರೋಟೀನಿನಲ್ಲಿರುವ ಆರ್ಜಿನೀನ್ ಎಂಬ ಅಮೈನೊ ಆಮ್ಲವನ್ನು ಒಂದು ರಾಸಾಯನಿಕದಿಂದ ಕಟ್ಟಿಹಾಕಿದರು: ಟ್ರಿಪ್ಸಿನ್ ತಡೆಯುವ ಶಕ್ತಿ ಹೋಯಿತು, ಅಮೈಲೇಸ್ ತಡೆಯುವ ಶಕ್ತಿ ಹಾಗೇ ಉಳಿಯಿತು. ಇನ್ನೊಂದು ರಾಸಾಯನಿಕದಿಂದ ಅಮೈನೊ ಗುಂಪುಗಳನ್ನು ಮುಚ್ಚಿದರು: ಈ ಸಲ ಮುಖ್ಯವಾಗಿ ಪೆಟ್ಟು ಬಿದ್ದದ್ದು ಅಮೈಲೇಸ್ ತಡೆಗೆ. ಹಾಗಾದರೆ ಪ್ರೋಟೀನು ಒಂದೇ ಆದರೂ ಹಿಡಿತದ ಜಾಗಗಳು ಎರಡು, ಒಂದರ ಹಂಗು ಇನ್ನೊಂದಕ್ಕಿಲ್ಲ ಎಂದು ತೀರ್ಮಾನಿಸಿದರು. ಮುಂದಿನ ಇಪ್ಪತ್ತು ವರ್ಷದಲ್ಲಿ ಸ್ಫಟಿಕ, ಎಕ್ಸ್ ಕಿರಣ, ದೊಡ್ಡ ಗಣಕ ಎಲ್ಲ ಸೇರಿ ಹೇಳಿದ್ದು ಈ ತೀರ್ಮಾನ ಸರಿ ಎಂದೇ.

1983ರಲ್ಲಿ ಕ್ಯಾಂಪೋಸ್ ಮತ್ತು ರಿಚರ್ಡ್‌ಸನ್ ಇದರ ಪೂರ್ತಿ ಅನುಕ್ರಮವನ್ನು ಪ್ರಕಟಿಸಿದರು. ಒಟ್ಟು 122 ಅಮೈನೊ ಆಮ್ಲಗಳು. ಅವುಗಳಲ್ಲಿ ಹತ್ತು ಸಿಸ್ಟೀನ್. ಎರಡೆರಡು ಸಿಸ್ಟೀನುಗಳು ಗಂಧಕದ ಮೂಲಕ ಕೂಡಿಕೊಂಡು ಐದು ಡೈಸಲ್ಫೈಡ್ ಬಂಧಗಳಾಗಿವೆ. ಈ ಅನುಕ್ರಮದ ಕೆಳಗೆ ಗೋಧಿಯ, ಬಾರ್ಲಿಯ, ಮೆಕ್ಕೆಜೋಳದ ಇಂಥವೇ ಪ್ರತಿಬಂಧಕಗಳ ಅನುಕ್ರಮಗಳನ್ನು ಗಣಕದಲ್ಲಿ ಸಾಲಾಗಿ ಜೋಡಿಸಿ ನೋಡಿ. ಬೇರೆ ಅಕ್ಷರಗಳು ಬೆಳೆಯಿಂದ ಬೆಳೆಗೆ ಬದಲಾಗುತ್ತವೆ, ಸಿಸ್ಟೀನುಗಳು ಮಾತ್ರ ಹೆಚ್ಚುಕಡಿಮೆ ಒಂದೇ ಕಂಬಸಾಲಿನಲ್ಲಿ ನಿಲ್ಲುತ್ತವೆ. ರಾಗಿಯಲ್ಲಿ 44 ಮತ್ತು 45ನೆಯ ಸ್ಥಾನದಲ್ಲಿ ಎರಡು ಸಿಸ್ಟೀನುಗಳು ಅಕ್ಕಪಕ್ಕ ಕೂತಿವೆ. ಈ ಜೋಡಿ ಇಡೀ ಕುಲದ ಗುರುತು. ಹುಳುಗಳ ಜೊತೆ ನಡೆದ ದೀರ್ಘ ಸೆಣಸಾಟದಲ್ಲಿ ಹೊರಮೈ ಬದಲಾಗುತ್ತಾ ಹೋಗಿದೆ, ಕಟ್ಟು ಮಾತ್ರ ಉಳಿದಿದೆ.

ಇನ್ನು ಆಕಾರದ ಮಾತು. 1995ರಲ್ಲಿ ಎನ್‌ಎಂಆರ್ ವಿಧಾನದಿಂದ ದ್ರಾವಣದಲ್ಲಿರುವ ಪ್ರೋಟೀನಿನ ರಚನೆ ಸಿಕ್ಕಿತು: ನಾಲ್ಕು ಸುರುಳಿಗಳು ಮೇಲೆ ಕೆಳಗೆ ಹೊರಳಿಕೊಂಡು ಒಂದು ಕಟ್ಟಾಗಿ ನಿಂತಿವೆ. 2000ದಲ್ಲಿ ದೆಹಲಿಯ ಏಮ್ಸ್‌ನ ಟಿ. ಪಿ. ಸಿಂಗ್ ಅವರ ತಂಡ 2.2 ಆಂಗ್‌ಸ್ಟ್ರಾಂ ಸೂಕ್ಷ್ಮತೆಯ ಸ್ಫಟಿಕ ರಚನೆಯನ್ನು ಕೊಟ್ಟಿತು. ಇವೆರಡರ ನಡುವೆ, 1998ರಲ್ಲಿ, ಜರ್ಮನಿಯಲ್ಲಿ ರಾಬರ್ಟ್ ಹ್ಯೂಬರ್ ಅವರೂ ಇದ್ದ ತಂಡ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ. ಅವರು ರಾಗಿಯ ಪ್ರೋಟೀನನ್ನು ಹಳದಿ ಹಿಟ್ಟುಹುಳುವಿನ ಅಮೈಲೇಸಿನೊಂದಿಗೆ ಕೂಡಿಸಿ, ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುವ ಸ್ಥಿತಿಯಲ್ಲೇ ಸ್ಫಟಿಕ ಬೆಳೆಸಿದರು. ಕಾಳಿನ ಪ್ರೋಟೀನು ಹುಳುವಿನ ಕಿಣ್ವವನ್ನು ಹಿಡಿದ ಗಳಿಗೆ ಆ ಚಿತ್ರದಲ್ಲಿದೆ.

ಆ ಹಿಡಿತವನ್ನು ಹತ್ತಿರದಿಂದ ನೋಡೋಣ. ಪ್ರೋಟೀನಿನ ಮೊದಲ ತುದಿಯಲ್ಲಿರುವುದು ಸೆರೀನ್. ಆಮೇಲೆ ವ್ಯಾಲೀನ್, ಗ್ಲೈಸೀನ್, ತ್ರಿಯೊನೀನ್, ಮತ್ತೆ ಸೆರೀನ್. ಆರನೆಯದು ಸಿಸ್ಟೀನ್, ಅಲ್ಲಿಂದ ಮುಂದೆ ಸರಪಳಿಗೆ ಕಟ್ಟು ಬೀಳುತ್ತದೆ. ಮೊದಲ ಐದಕ್ಕೆ ಕಟ್ಟಿಲ್ಲ. ದ್ರಾವಣದಲ್ಲಿ ಪ್ರೋಟೀನು ಒಂಟಿಯಾಗಿದ್ದಾಗ ಈ ತುದಿ ಒಂದು ಆಕಾರಕ್ಕೆ ನಿಲ್ಲದೆ ಅಲುಗಾಡುತ್ತಿರುತ್ತದೆ. ಅಮೈಲೇಸಿನಲ್ಲಿ ಪಿಷ್ಟದ ಎಳೆ ಕೂರುವ ಒಂದು ಕಣಿವೆ ಇದೆ; ಕಣಿವೆಯ ತಳದಲ್ಲಿ ಪಿಷ್ಟವನ್ನು ಕತ್ತರಿಸುವ ಆಮ್ಲೀಯ ಗುಂಪುಗಳಿವೆ. ರಾಗಿಯ ತುದಿ ಬೆಣೆಯಂತೆ ಆ ಕಣಿವೆಗೆ ಇಳಿಯುತ್ತದೆ. ಇಳಿದ ಮೇಲೆ, ಅದುವರೆಗೆ ಅಲುಗಾಡುತ್ತಿದ್ದ ಐದೂ ಬಿಗಿಯಾದ ಒಂದು ಸಣ್ಣ ಸುರುಳಿಗೆ ತಿರುಗುತ್ತವೆ, ಮೊದಲ ಸೆರೀನಿನ ಅಮೈನೊ ಗುಂಪು ಕತ್ತರಿಸುವ ಜಾಗದ ಬಾಯಲ್ಲೇ ಕೂರುತ್ತದೆ. ಟ್ರಿಪ್ಸಿನ್ನನ್ನು ಹಿಡಿಯುವ ಕೊಂಡಿ ಪ್ರೋಟೀನಿನ ಇನ್ನೊಂದು ಮಗ್ಗುಲಲ್ಲಿದೆ. 34ನೆಯ ಸ್ಥಾನದಲ್ಲಿ ಆರ್ಜಿನೀನ್, 35ರಲ್ಲಿ ಲ್ಯೂಸೀನ್. ಆರ್ಜಿನೀನ್ ಕಂಡರೆ ಅದರ ಪಕ್ಕದಲ್ಲಿ ಕತ್ತರಿಸುವುದು ಟ್ರಿಪ್ಸಿನ್ನಿನ ಸ್ವಭಾವ. ಇಲ್ಲಿ ಅದು ಬಾಯಿ ಹಾಕಿ ಸಿಕ್ಕಿಬೀಳುತ್ತದೆ. ಮಣಿಪಾಲದ ಪ್ರಯೋಗವನ್ನು ಈಗ ನೆನೆಯಿರಿ: ಆರ್ಜಿನೀನ್ ಕಟ್ಟಿದರೆ ಟ್ರಿಪ್ಸಿನ್ ತಡೆ ಹೋಯಿತು, ಅಮೈನೊ ಗುಂಪು ಮುಚ್ಚಿದರೆ ಅಮೈಲೇಸ್ ತಡೆ ಹೋಯಿತು. ಎರಡಕ್ಕೂ ಸ್ಫಟಿಕದಲ್ಲಿ ಉತ್ತರ ಸಿಕ್ಕಿತು.

ಇಲ್ಲಿಂದ ಗಣಕದ ಕಡೆ ಬರುತ್ತೇನೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಹೊರಳಬಹುದು, ಯಾವುದರಲ್ಲಿ ಹೊರಳಲಾರದು ಎಂಬ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಇವತ್ತಿಗೂ ಯಾವ ಪ್ರೋಟೀನಿನ ಮಾದರಿಯನ್ನೇ ಆಗಲಿ ಒಪ್ಪುವ ಮೊದಲು ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ. 1971ರಲ್ಲಿ ಏಳು ರಚನೆಗಳೊಂದಿಗೆ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. 1977ರಲ್ಲಿ ಮೊದಲ ಬಾರಿಗೆ ಒಂದು ಪ್ರೋಟೀನಿನ ಅಣುಚಲನೆಯನ್ನು ಗಣಕದಲ್ಲಿ ಲೆಕ್ಕ ಹಾಕಿದರು. ಅದಕ್ಕೆ ಆರಿಸಿಕೊಂಡದ್ದು ದನದ ಮೇದೋಜೀರಕ ಗ್ರಂಥಿಯ ಒಂದು ಪುಟ್ಟ ಟ್ರಿಪ್ಸಿನ್ ಪ್ರತಿಬಂಧಕ. ಆ ಲೆಕ್ಕದಲ್ಲಿ ಕಂಡ ಅಣುಚಲನೆಯ ಕಾಲ ಹತ್ತು ಪಿಕೊಸೆಕೆಂಡಿಗೂ ಕಡಿಮೆ. ಈಗ ಸಾಧಾರಣ ಪ್ರಯೋಗಾಲಯದಲ್ಲೂ ಅದರ ಸಾವಿರಾರು ಪಟ್ಟು ಕಾಲವನ್ನು ಲೆಕ್ಕ ಹಾಕಬಹುದು.

2020ರಲ್ಲಿ, ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದ ಎರಡನೆಯ ಆವೃತ್ತಿ ಬಂದ ಮೇಲೆ ನಡೆದದ್ದು ನಿಮಗೆ ಗೊತ್ತು. ಅನುಕ್ರಮ ಕೊಟ್ಟರೆ ಆಕಾರ ಸಿಗುತ್ತದೆ. 2022ರ ಹೊತ್ತಿಗೆ ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿಸಿದ ಆಕಾರಗಳು ಎಲ್ಲರಿಗೂ ಉಚಿತವಾಗಿ ದೊರೆತವು. 2024ರಲ್ಲಿ ಅದಕ್ಕೆ ನೊಬೆಲ್ ಬಂತು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿನಿಯೂ ಇವತ್ತು ನವಣೆಯದೋ ಸಾಮೆಯದೋ ಒಂದು ಪ್ರೋಟೀನಿನ ಆಕಾರವನ್ನು ಮಧ್ಯಾಹ್ನದೊಳಗೆ ನೋಡಬಲ್ಲಳು. ಇದು ಬಹಳ ದೊಡ್ಡ ಕೊಡುಗೆ. ಕೃತಜ್ಞತೆಯಿಂದಲೇ ಮುಂದಿನ ಎಚ್ಚರಿಕೆಯ ಮಾತು ಹೇಳುತ್ತೇನೆ.

ಆಲ್ಫಾಫೋಲ್ಡ್ ತನ್ನ ಮಾದರಿಯ ಪ್ರತಿ ಅಮೈನೊ ಆಮ್ಲಕ್ಕೂ ನೂರಕ್ಕೆ ಇಷ್ಟು ಎಂದು ಭರವಸೆಯ ಅಂಕ ಕೊಡುತ್ತದೆ. ತೊಂಬತ್ತು ದಾಟಿದರೆ ನಂಬಬಹುದು. ಐವತ್ತಕ್ಕಿಂತ ಕೆಳಗಾದರೆ ಆ ಭಾಗಕ್ಕೆ ಸ್ಥಿರವಾದ ಆಕಾರವೇ ಇಲ್ಲದಿರಬಹುದು. ಸಡಿಲವಾದ ತುದಿಗಳಿಗೆ ಸಾಮಾನ್ಯವಾಗಿ ಸಿಗುವುದು ಕಡಿಮೆ ಅಂಕ. ಮುಂದಿನ ಲೆಕ್ಕಕ್ಕೆ ತೊಡಕಾಗುತ್ತದೆ ಎಂದು ಇಂಥ ತುದಿಗಳನ್ನು ಕತ್ತರಿಸಿ ಎಸೆಯುವುದು ಈಗ ರೂಢಿ. ಬೇರೆ ಎಷ್ಟೋ ಪ್ರೋಟೀನುಗಳಲ್ಲಿ ಅದರಿಂದ ನಷ್ಟವಿಲ್ಲ. ರಾಗಿಯ ಪ್ರೋಟೀನಿನಲ್ಲಿ ಹಾಗೆ ಮಾಡಿದರೆ ಉಳಿಯುವುದು ಅಚ್ಚುಕಟ್ಟಾದ ನಾಲ್ಕು ಸುರುಳಿಗಳು. ಹೋಗುವುದು ಹುಳುವಿನ ಕಿಣ್ವವನ್ನು ಹಿಡಿಯುವ ಆ ಐದು ಅಮೈನೊ ಆಮ್ಲಗಳು. ಗಣಕ ಭರವಸೆಯಿಂದ ಹೇಳುವ ಜಾಗ ಬೇರೆ, ಪ್ರೋಟೀನು ಕೆಲಸ ಮಾಡುವ ಜಾಗ ಬೇರೆ ಆಗಿರಬಹುದು. ರಕ್ಷಣಾ ಪ್ರೋಟೀನುಗಳಲ್ಲಿ ಇದು ಮತ್ತೆಮತ್ತೆ ಎದುರಾಗುವ ಸಂಗತಿ: ಶತ್ರುವಿಗೆ ತಕ್ಕಂತೆ ಬೇಗ ಬೇಗ ಬದಲಾಗಬೇಕಾದ ಭಾಗಗಳು ಹೆಚ್ಚಾಗಿ ಕುಣಿಕೆಗಳಲ್ಲಿ, ತುದಿಗಳಲ್ಲಿ ಇರುತ್ತವೆ. ಅಂಕ ಕಡಿಮೆ ಇರುವಲ್ಲಿ ಹೆಚ್ಚು ಹೊತ್ತು ನಿಂತು ನೋಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ.

ಇದಕ್ಕಿಂತ ಸುಲಭವಾಗಿ ಎಡವುವ ಜಾಗ ಇನ್ನೊಂದಿದೆ. ಜೀನಿನಿಂದ ಓದಿದ ಪ್ರೋಟೀನಿನ ಮುಂದೆ ಒಂದು ಸಂಕೇತ ತುಣುಕು ಅಂಟಿಕೊಂಡಿರುತ್ತದೆ. ಪ್ರೋಟೀನನ್ನು ಕೋಶದೊಳಗೆ ಸರಿಯಾದ ವಿಳಾಸಕ್ಕೆ ಸಾಗಿಸುವುದು ಅದರ ಕೆಲಸ. ಮುಗಿದ ಮೇಲೆ ಸಸ್ಯವೇ ಅದನ್ನು ಕತ್ತರಿಸಿಬಿಡುತ್ತದೆ. ಡೇಟಾಬೇಸಿನಲ್ಲಿರುವ ಅನುಕ್ರಮವನ್ನು ಹಾಗೇ ಇಳಿಸಿಕೊಂಡು ಮಾದರಿ ಮಾಡಿದರೆ ಮೊದಲ ಸೆರೀನಿನ ಹಿಂದೆ ಇಪ್ಪತ್ತಕ್ಕೂ ಮಿಕ್ಕಿ ಅಮೈನೊ ಆಮ್ಲಗಳ ಬಾಲ ನಿಂತಿರುತ್ತದೆ. ಆಗ ಆ ಅಮೈನೊ ಗುಂಪು ಬಿಡಿಯಾಗಿರುವುದಿಲ್ಲ, ಅಮೈಲೇಸಿನ ಕಣಿವೆಗೆ ಇಳಿಯಲಾರದು. ಸಂಕೇತ ತುಣುಕು ಎಲ್ಲಿ ತುಂಡಾಗುತ್ತದೆ ಎಂದು ಊಹಿಸುವ ತಂತ್ರಾಂಶಗಳಿವೆ. ಆದರೆ ಅವು ಒಂದೆರಡು ಸ್ಥಾನ ಆಚೀಚೆ ಹೇಳಿದರೂ ಈ ಪ್ರೋಟೀನಿನ ಮಟ್ಟಿಗೆ ಫಲಿತಾಂಶವೆಲ್ಲ ಬದಲಾಗುತ್ತದೆ. ಕಾಳಿನಿಂದ ತೆಗೆದ ಪ್ರೋಟೀನಿನ ಮೊದಲ ಕೆಲವು ಅಮೈನೊ ಆಮ್ಲಗಳನ್ನು ಪ್ರಯೋಗಾಲಯದಲ್ಲಿ ಓದಿ ಖಚಿತಪಡಿಸಿಕೊಳ್ಳುವ ಹಳೆಯ ವಿಧಾನವನ್ನು ಬಿಡಬಾರದು.

ಡಾಕಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎರಡು ಅಣುಗಳು ಹೇಗೆ ಕೂಡಬಹುದು ಎಂದು ಹುಡುಕುವ ಈ ತಂತ್ರಾಂಶಗಳು ಎಂದೂ ‘ಕೂಡುವುದಿಲ್ಲ’ ಎನ್ನುವುದಿಲ್ಲ. ಯಾವ ಎರಡನ್ನು ಕೊಟ್ಟರೂ ಒಂದು ಭಂಗಿ, ಒಂದು ಅಂಕ ಬರುತ್ತದೆ. ಆ ಅಂಕವೊಂದನ್ನೇ ಹಿಡಿದು ‘ಇದು ಕೀಟನಿರೋಧಕ’, ‘ಇದು ಮಧುಮೇಹಕ್ಕೆ ಮದ್ದು’ ಎಂದು ಬರೆಯುವುದು ಹೆಚ್ಚಾಗಿದೆ. ರಾಗಿಯ ಪ್ರತಿಬಂಧಕ ಮನುಷ್ಯನ ಜೊಲ್ಲಿನ ಅಮೈಲೇಸನ್ನೂ ತಡೆಯುತ್ತದೆ ಎಂಬುದು ನಿಜ. ಆದರೆ ನಾವು ರಾಗಿಯನ್ನು ಬೇಯಿಸಿ ಉಣ್ಣುತ್ತೇವೆ, ಪ್ರೋಟೀನು ಹೊಟ್ಟೆಯ ಆಮ್ಲವನ್ನು ಹಾಯಬೇಕು. ರೋಗಿಗೆ ಹೇಳುವ ಮಾತು ಡಾಕಿಂಗ್ ಅಂಕದಿಂದ ಹುಟ್ಟಬಾರದು. ಈ ಕುಲದ ಪ್ರೋಟೀನುಗಳಿಗೆ ಮನುಷ್ಯನ ಜೊತೆ ಬೇರೆ ತಕರಾರೂ ಇದೆ: ಗೋಧಿ, ಬಾರ್ಲಿಯ ಅಮೈಲೇಸ್ ಪ್ರತಿಬಂಧಕಗಳ ಪೈಕಿ ಕೆಲವು ಬೇಕರಿ ಕೆಲಸಗಾರರ ಉಬ್ಬಸಕ್ಕೆ ಕಾರಣವಾಗುವ ಅಲರ್ಜಿಕಾರಕಗಳು. ಹುಳುವನ್ನು ತಡೆಯಲೆಂದು ಒಂದು ಪ್ರೋಟೀನನ್ನು ಬೆಳೆಗೆ ಸೇರಿಸುವ ಯೋಚನೆ ಇದ್ದರೆ, ಗಣಕದಲ್ಲಿ ಮೊದಲು ಹೋಲಿಸಿ ನೋಡಬೇಕಾದದ್ದು ಅಲರ್ಜಿಕಾರಕಗಳ ಪಟ್ಟಿಯನ್ನು.

ಹುಳುವೂ ಸುಮ್ಮನೆ ಕೂರುವುದಿಲ್ಲ. ಕೆಂಪು ಹಿಟ್ಟುಹುಳುವಿನ ಹೊಟ್ಟೆಯಲ್ಲಿ ಪ್ರೋಟೀನು ಅರಗಿಸುವ ಮುಖ್ಯ ಕಿಣ್ವಗಳು ಸಿಸ್ಟೀನ್ ಪ್ರೋಟಿಯೇಸ್ ಎಂಬ ಬೇರೆ ಜಾತಿಯವು. ಅವಕ್ಕೆ ಟ್ರಿಪ್ಸಿನ್ ಪ್ರತಿಬಂಧಕದ ಭಯವಿಲ್ಲ. ಆ ಜಾತಿಯನ್ನು ತಡೆಯುವ ಪ್ರೋಟೀನು ಭತ್ತದ ಕಾಳಿನಲ್ಲಿದೆ. 1987ರಲ್ಲಿ ಜಪಾನಿನಲ್ಲಿ ಅದರ ಅನುಕ್ರಮ ಗೊತ್ತಾಗಿ ಒರೈಜಾಸಿಸ್ಟಾಟಿನ್ ಎಂದು ಹೆಸರಾಯಿತು. ನಮ್ಮ ಉತ್ತರ ಕರ್ನಾಟಕದ ಮನೆಮನೆಯ ಜೋಳದಲ್ಲಿ ಇನ್ನೊಂದು ದಾರಿ. ಕೀಟಗಳ ಅಮೈಲೇಸನ್ನು ತಡೆಯುವ ಬಹಳ ಪುಟ್ಟ ಪ್ರೋಟೀನುಗಳನ್ನು ಬ್ಲಾಕ್ ಮತ್ತು ರಿಚರ್ಡ್‌ಸನ್ 1991ರಲ್ಲಿ ಜೋಳದಿಂದ ತೆಗೆದರು. ಅವು ರಾಗಿಯ ಪ್ರೋಟೀನಿನ ಬಂಧುಗಳಲ್ಲ. ಶಿಲೀಂಧ್ರಗಳನ್ನು ಎದುರಿಸುವ ಡಿಫೆನ್ಸಿನ್ ಕುಲಕ್ಕೆ ಸೇರಿದವು. ಒಂದೇ ಶತ್ರು ಕಿಣ್ವಕ್ಕೆ ಎರಡು ಬೆಳೆಗಳು ಎರಡು ಬೇರೆ ಬೇರೆ ಕುಲಗಳಿಂದ ಉತ್ತರ ಹುಡುಕಿಕೊಂಡಿವೆ. ಇಂಥದ್ದು ಗಣಕದಲ್ಲಿ ಅನುಕ್ರಮಗಳನ್ನು ಹೋಲಿಸಿದಾಗಲೇ ಸ್ಪಷ್ಟವಾಗುವುದು.

ಇಷ್ಟು ಪುಟ್ಟ ಪ್ರೋಟೀನುಗಳನ್ನು ಜೀನೋಮಿನಲ್ಲಿ ಹುಡುಕುವುದೇ ಒಂದು ಕಷ್ಟದ ಕೆಲಸ. ಜೀನುಗಳನ್ನು ಗುರುತಿಸುವ ತಂತ್ರಾಂಶಗಳು ತೀರಾ ಚಿಕ್ಕದನ್ನು ಜೀನಲ್ಲವೆಂದು ಬಿಟ್ಟುಬಿಡುತ್ತಿದ್ದವು. ಸಿಸ್ಟೀನುಗಳ ನಡುವಿನ ಅಂತರದ ವಿನ್ಯಾಸವನ್ನೇ ಗುರುತಾಗಿ ಹಿಡಿದು ಹುಡುಕಿದಾಗ, 2005ರಲ್ಲಿ, ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡವೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಡಿಫೆನ್ಸಿನ್ ಮಾದರಿಯ ಜೀನುಗಳು ಹೊರಬಂದವು. ರಾಗಿಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಅದರಲ್ಲಿ ಎರಡು ಪೂರ್ವಜ ಹುಲ್ಲುಗಳ ಜೀನೋಮುಗಳು ಒಟ್ಟಿಗಿವೆ, ವರ್ಣತಂತುಗಳು 36. ಬಹುತೇಕ ಜೀನುಗಳಿಗೆ ಅವಳಿ ಪ್ರತಿ ಇರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್-365 ತಳಿಯ ಜೀನೋಮನ್ನು ಪ್ರಕಟಿಸಿದ ಮೇಲೆ ಈ ಹುಡುಕಾಟಕ್ಕೆ ನೆಲ ಸಿಕ್ಕಿತು. ಆಮೇಲೆ ಬೇರೆ ತಳಿಗಳದೂ ಬಂದಿವೆ. ತುಣುಕು ತುಣುಕಾಗಿ ಓದಿ ಜೋಡಿಸಿದ ಜೀನೋಮಿನಲ್ಲಿ ಅವಳಿಗಳು ಒಂದರೊಳಗೊಂದು ಬೆರೆತು ಒಂದೇ ಎಂಬಂತೆ ಕಾಣುವ ಅಪಾಯ ಇದೆ ಎಂಬುದನ್ನು ಹುಡುಕುವವರು ಮರೆಯಬಾರದು.

ಹೊಲದಲ್ಲಿ ರಾಗಿಗೆ ಕಾಟ ಕೊಡುವುದು ಹುಳುವಿಗಿಂತ ಹೆಚ್ಚಾಗಿ ಶಿಲೀಂಧ್ರದಿಂದ ಬರುವ ಬೆಂಕಿ ರೋಗ. ಅದೇ ಶಿಲೀಂಧ್ರದ ಬೇರೆ ಬೇರೆ ಬಳಗಗಳು ಭತ್ತಕ್ಕೂ ಗೋಧಿಗೂ ಬೀಳುತ್ತವೆ; ಗೋಧಿಯ ಬೆಂಕಿ ರೋಗ 1985ರಲ್ಲಿ ಬ್ರೆಜಿಲ್‌ನಲ್ಲಿ ಕಾಣಿಸಿಕೊಂಡು 2016ರಲ್ಲಿ ಬಾಂಗ್ಲಾದೇಶಕ್ಕೆ ಬಂತು. ಈ ಶಿಲೀಂಧ್ರವನ್ನು ಗುರುತು ಹಿಡಿಯುವ ಪ್ರೋಟೀನುಗಳು ರಾಗಿಯ ಪ್ರತಿಬಂಧಕದ ಸುಮಾರು ಹತ್ತು ಪಟ್ಟು ದೊಡ್ಡವು. ಭತ್ತದ ಪಿಕ್ ಎಂಬ ಪ್ರೋಟೀನು ತನ್ನ ಮೈಯಲ್ಲೇ ಒಂದು ಪುಟ್ಟ ಭಾಗವನ್ನು ಗಾಳದ ಎರೆಯಂತೆ ಇಟ್ಟುಕೊಂಡು ಶಿಲೀಂಧ್ರದ ಪ್ರೋಟೀನನ್ನು ಹಿಡಿಯುತ್ತದೆ. 2015ರಲ್ಲಿ ಆ ಭಾಗದ ರಚನೆ ತಿಳಿಯಿತು, ನಾಲ್ಕೇ ವರ್ಷದಲ್ಲಿ ರಚನೆಯನ್ನು ನೋಡಿ ಆ ಭಾಗವನ್ನು ತಿದ್ದಿ ಹಿಡಿತದ ವ್ಯಾಪ್ತಿಯನ್ನು ಹಿಗ್ಗಿಸಿದರು. ನಮ್ಮಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ತಜ್ಞರು ಮಂಡ್ಯದ ವಿ. ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವುಗಳ ಸಂತತಿಯ ಜಿಪಿಯು-28 ಬೆಂಕಿ ರೋಗವನ್ನು ತಡೆದುಕೊಂಡು ರೈತರ ಹೊಲದಲ್ಲಿ ನಿಂತಿತು. ಇಂಥ ತಳಿಗಳಲ್ಲಿ ಯಾವ ಪ್ರೋಟೀನು ಯಾವುದನ್ನು ಹಿಡಿಯುತ್ತಿದೆ ಎಂಬುದನ್ನು ಬಿಡಿಸಿ ನೋಡುವ ಕೆಲಸ ಗಣಕದ ಮುಂದೆ ಕೂರುವ ನಮ್ಮ ಹುಡುಗ ಹುಡುಗಿಯರದಾಗಬೇಕು ಎಂಬುದು ನನ್ನ ಆಸೆ.

ಅದಕ್ಕೂ ಮೊದಲು, ಕಡಿಮೆ ಖರ್ಚಿನ ಒಂದು ಕೆಲಸವನ್ನು ಇಲ್ಲಿರುವ ಕಾಲೇಜುಗಳು ಕೈಗೆತ್ತಿಕೊಳ್ಳಬಹುದು. ಬೇರೆ ಬೇರೆ ನಾಟಿ ರಾಗಿಗಳಲ್ಲಿ ಈ ಪ್ರತಿಬಂಧಕದ, ಕಣಿವೆಗಿಳಿಯುವ ಆ ಐದೂ ಸೇರಿ, ಮೊದಲ ಹನ್ನೊಂದು ಅಮೈನೊ ಆಮ್ಲಗಳು ಒಂದೇ ಆಗಿವೆಯೆ, ಬದಲಾಗಿವೆಯೆ? ಜೀನಿನ ಆ ಚಿಕ್ಕ ಭಾಗವನ್ನು ಓದಿಸಿ ಗಣಕದಲ್ಲಿ ಸಾಲು ಜೋಡಿಸಿದರೆ ಗೊತ್ತಾಗುತ್ತದೆ. ಬದಲಾದದ್ದು ಸಿಕ್ಕಿದರೆ ಹಿಟ್ಟುಹುಳುವಿನ ಅಮೈಲೇಸಿನೊಂದಿಗೆ ಕೂಡಿಸಿ ಅಣುಚಲನೆಯ ಲೆಕ್ಕ ಮಾಡಿ, ಹಿಡಿತ ಸಡಿಲವಾಯಿತೋ ಬಿಗಿಯಾಯಿತೋ ಎಂದು ಒಂದು ಊಹೆ ಕಟ್ಟಿ. ಊಹೆಯನ್ನು ಪ್ರನಾಳದಲ್ಲಿ ಪರೀಕ್ಷಿಸಿ: ಪಿಷ್ಟ, ಅಮೈಲೇಸ್, ಕಾಳಿನ ರಸ ಬೆರೆಸಿ ಸ್ವಲ್ಪ ಹೊತ್ತಿನ ಮೇಲೆ ಅಯೊಡಿನ್ ಹಾಕಿದರೆ, ಕಿಣ್ವಕ್ಕೆ ತಡೆ ಬಿದ್ದ ಕಡೆ ನೀಲಿ ಉಳಿಯುತ್ತದೆ, ಬೀಳದ ಕಡೆ ಮಾಸುತ್ತದೆ. ಮೊಳಕೆ ಬಂದ ಕಾಳು ಬೇಡ. ಮೊಳಕೆಯಲ್ಲಿ ರಾಗಿ ತನ್ನದೇ ಅಮೈಲೇಸನ್ನು ಹುಟ್ಟಿಸಿಕೊಳ್ಳುತ್ತದೆ, ಲೆಕ್ಕ ಕೆಡುತ್ತದೆ. ಕೆಂಪು ರಾಗಿಯ ಸಿಪ್ಪೆಯ ಪಾಲಿಫಿನಾಲುಗಳೂ ಕಿಣ್ವವನ್ನು ತಡೆಯುತ್ತವೆ. ಅದನ್ನು ಪ್ರೋಟೀನಿನ ಖಾತೆಗೆ ಬರೆದುಬಿಡಬಾರದು. ಪಾಲಿಫಿನಾಲು ಕಡಿಮೆ ಇರುವ ಬಿಳಿ ರಾಗಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಫಲಿತಾಂಶದ ಜೊತೆಗೆ ತಳಿಯ ಹೆಸರು, ಬೀಜ ತಂದ ಊರು, ಕಟಾವು ಮಾಡಿದ ವರ್ಷ ಮೂರನ್ನೂ ತಪ್ಪದೆ ಬರೆಯಿರಿ. ಮುಂದೆ ಇನ್ನೊಬ್ಬರು ಅದೇ ಬೀಜ ತಂದು ನಿಮ್ಮ ಪ್ರಯೋಗವನ್ನು ಮತ್ತೆ ಮಾಡಿ ನೋಡಲು ಅದು ಬೇಕಾಗುತ್ತದೆ.